ಆಲ್ಫಾಫೋಲ್ಡ್ ತೋರಿಸೋ ಕಿತ್ತಳೆ ಶ್ಯಾವಿಗೆಗೆ ಏನಾದ್ರೂ ಕೆಲಸ ಇದೆಯಾ?

ಕೊನೇಸೆಮ್
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್ ವರದಿಗೆ ಕ್ಯಾನ್ಸರ್ ತಡೆಯೋ ಪಿ53 ಪ್ರೋಟೀನಿನ ಚಿತ್ರ ಬೇಕಿತ್ತು, ಪ್ರೋಟೀನಿನ ಆಕಾರ ಊಹಿಸೋ ಸಾಫ್ಟ್‌ವೇರ್ ಆಲ್ಫಾಫೋಲ್ಡ್‌ನಿಂದ ಇಳಿಸಿಕೊಂಡೆ. ನಡುವೆ ಅಚ್ಚುಕಟ್ಟಾದ ನೀಲಿ ಗಂಟು. ಅದರ ಸುತ್ತ ಕಿತ್ತಳೆ ಎಳೆಗಳು, ಒತ್ತುಶ್ಯಾವಿಗೆ ತಟ್ಟೆ ಕೈಜಾರಿ ಬಿದ್ದ ಹಾಗೆ. ಗೈಡ್‌ಗೆ ತೋರಿಸಿದೆ. "ಅದನ್ನೆಲ್ಲ ಹೈಡ್ ಮಾಡಮ್ಮ, ಸಾಫ್ಟ್‌ವೇರ್‌ಗೆ ಗೊತ್ತಾಗದ ಭಾಗ ಅದು, ನೋಡೋಕೂ ಚೆನ್ನಾಗಿಲ್ಲ" ಅಂದ್ರು. ಹೈಡ್ ಮಾಡಿದೆ. ಚಿತ್ರ ಚೆನ್ನಾಗಿ ಬಂತು, ಆದ್ರೆ 393 ಅಮೈನೋ ಆಮ್ಲದಲ್ಲಿ ಹತ್ತಿರ ಹತ್ತಿರ ಅರ್ಧ ಮಾಯ.

ಎರಡು ಪ್ರಶ್ನೆ. ಒಂದು, ಈ ಶ್ಯಾವಿಗೆ ಭಾಗ ನಿಜಕ್ಕೂ ಹಾಗೇ ಇರುತ್ತಾ, ಸಾಫ್ಟ್‌ವೇರ್ ಸೋತಿದ್ದಾ? ಎರಡು, ಲೆಕ್ಕ ಹಾಕಿದರೆ ಪಿ53 ತೂಕ 44 ಕಿಲೋಡಾಲ್ಟನ್ ಒಳಗೇ ಬರುತ್ತೆ. ಪ್ರೋಟೀನನ್ನ ಜೆಲ್‌ನಲ್ಲಿ ಓಡಿಸಿ ತೂಕ ಅಂದಾಜು ಮಾಡೋ ನನ್ನ ಬ್ಲಾಟ್‌ನಲ್ಲಿ ಬ್ಯಾಂಡ್ 53ರ ಹತ್ತಿರ ಕೂತಿದೆ. ನಾನೇ ಏನೋ ತಪ್ಪು ಮಾಡಿದೀನಾ?

ನಿವೃತ್ತಮೇಷ್ಟ್ರು
ನಿಮ್ಮ ಗೈಡ್ ಹೇಳಿದ್ದೇ ಸರಿ. 1894ರಲ್ಲಿ ಎಮಿಲ್ ಫಿಷರ್ ಎಂಜೈಮೂ ಅದು ಹಿಡಿಯೋ ಅಣುವೂ ಬೀಗ ಮತ್ತು ಬೀಗದಕೈ ಥರ ಅಂತ ಹೇಳಿದ್ದು ಇವತ್ತಿಗೂ ಪಾಠದಲ್ಲಿದೆ, ಸುಮ್ಮನೆ ಇಟ್ಟಿಲ್ಲ. ಪ್ರೋಟೀನಿಗೆ ಆಕಾರವೇ ಕೆಲಸ. ಆನ್‌ಫಿನ್ಸನ್‌ಗೆ 1972ರಲ್ಲಿ ನೊಬೆಲ್ ಬಂದಿದ್ದು ಯಾತಕ್ಕೆ? ಅಮೈನೋ ಆಮ್ಲಗಳ ಸಾಲಿನಲ್ಲೇ ಆಕಾರ ಬರೆದಿದೆ ಅಂತ ತೋರಿಸಿದ್ದಕ್ಕೆ. ಇನ್ನೊಂದು ಮಾತು: ಕ್ಯಾನ್ಸರಿನಲ್ಲಿ ಪಿ53ಗೆ ಆಗೋ ಬದಲಾವಣೆಗಳಲ್ಲಿ ಹೆಚ್ಚಿನವು ಆ ನೀಲಿ ಗಂಟಿನಲ್ಲೇ ಇವೆ. ಬಾಲಕ್ಕೆ ಬೆಲೆ ಇದ್ದಿದ್ದರೆ ಕ್ಯಾನ್ಸರ್ ಅಲ್ಲೂ ಕೈ ಹಾಕ್ತಿರಲಿಲ್ವೇ?

ದಾವಣಗೆರೆಬೆಣ್ಣೆ
ಶ್ಯಾವಿಗೆ ಅಂದ್ರಿ, ಹಸಿವಾಯ್ತು.

ರಾತ್ರಿಪಾಳಿ_ಎನ್‌ಎಂಆರ್
ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ಇದು 1999ಕ್ಕೆ ಮುಂಚಿನ ವಾದ. ಆ ವರ್ಷ ಸ್ಕ್ರಿಪ್ಸ್‌ಅನ್ನೋ ಅಮೆರಿಕದ ಸಂಶೋಧನಾ ಸಂಸ್ಥೆಯ ಪೀಟರ್ ರೈಟ್ ಮತ್ತು ಜೇನ್ ಡೈಸನ್ ಒಂದು ಲೇಖನ ಬರೆದು, ಮಡಿಚಿಕೊಳ್ಳದೇ ಇದ್ದೂ ಕೆಲಸ ಮಾಡೋ ಪ್ರೋಟೀನುಗಳು ಇಷ್ಟಿವೆ, ನಮ್ಮ ಸೂತ್ರವನ್ನೇ ಮತ್ತೆ ನೋಡೋಣ ಅಂದ್ರು. ಡಂಕರ್, ಉವೆರ್‌ಸ್ಕಿ ಕೂಡ ಆ ಹೊತ್ತಿಗೆ ಅದನ್ನೇ ಕಂಪ್ಯೂಟರಿನಲ್ಲಿ ಎಣಿಸ್ತಾ ಇದ್ರು. ಈಗಿನ ಅಂದಾಜಿನಲ್ಲಿ ಮನುಷ್ಯನ ಪ್ರೋಟೀನುಗಳ ಸುಮಾರು ಮೂರನೇ ಒಂದು ಭಾಗ ಇಂಥ ಸಡಿಲ ಎಳೆಯೇ.

ಕೊನೇಸೆಮ್ ಮೇಡಂ, ಮೊದಲು ಎರಡನೇ ಪ್ರಶ್ನೆ. ನೀವು ತಪ್ಪು ಮಾಡಿಲ್ಲ. ಪಿ53ಗೆ ಆ ಹೆಸರು ಬಂದಿದ್ದೇ ಜೆಲ್‌ನ ತಪ್ಪು ಲೆಕ್ಕದಿಂದ. ಆ ಸಡಿಲ ಭಾಗದಲ್ಲಿ ಪ್ರೋಲಿನ್ ಜಾಸ್ತಿ, ಹಾಗಾಗಿ ಜೆಲ್‌ನಲ್ಲಿ ಮೆಲ್ಲಗೆ ಓಡುತ್ತೆ, ತೂಕ ಹೆಚ್ಚು ಕಾಣುತ್ತೆ. ಪಿ27ದೂ ಅದೇ ಕಥೆ, ನಿಜವಾದ ತೂಕ 22. ಎರಡೂ ಹೆಸರಿನಲ್ಲೇ ಶ್ಯಾವಿಗೆ ಸೇರಿಕೊಂಡಿದೆ, ನಾವು ಗಮನಿಸಿರಲಿಲ್ಲ ಅಷ್ಟೇ.

ಮೊದಲನೇ ಪ್ರಶ್ನೆಗೆ ನನ್ನ ಮಾನ ಕಳೆದ ಕಥೆ. ಪಿಎಚ್‌ಡಿ ಮೊದಲ ವರ್ಷ, ರಾತ್ರಿ ಎರಡು ಗಂಟೆಗೆ ಎನ್‌ಎಂಆರ್, ಅಂದ್ರೆ ಅಯಸ್ಕಾಂತದಲ್ಲಿಟ್ಟು ಅಣುವಿನ ರೂಪ ಓದೋ ಮೆಷಿನ್, ಸಿಕ್ಕಿತ್ತು. ಮಡಿಚಿದ ಪ್ರೋಟೀನ್ ಆದ್ರೆ ಎನ್‌ಎಂಆರ್ ಪರದೆ ಮೇಲೆ ಚುಕ್ಕೆಗಳು ಅಳತೆಪಟ್ಟಿಯ 6ರಿಂದ 10ರವರೆಗೆ ಹರಡಿಕೊಂಡು, ಅಂಗಳದಲ್ಲಿ ಇಟ್ಟ ರಂಗೋಲಿ ಚುಕ್ಕಿ ಥರ ಕಾಣ್ತವೆ. ನನ್ನದರಲ್ಲಿ ಎಲ್ಲಾ ಚುಕ್ಕೆ 8ರ ಆಸುಪಾಸಿನಲ್ಲಿ ಒಂದರ ಮೇಲೊಂದು. ಪ್ರೋಟೀನ್ ಕೆಟ್ಟುಹೋಯ್ತು ಅಂತ ಟ್ಯೂಬ್ ತೊಳೆದು ಇಟ್ಟೆ. ಬೆಳಿಗ್ಗೆ ಗೈಡ್ ಪ್ರಿಂಟ್ ನೋಡಿ, "ಪೆದ್ದ, ಅದು ಹಾಗೇ ಇರೋದು" ಅಂದ್ರು. ಎರಡು ವಾರದ ಕೆಲಸ ಸಿಂಕ್‌ಗೆ.

ತೊಳೆದುಬಿಟ್ರಾ
ನನ್ನ ಹೆಸರು ನೋಡಿ. ನಾನೂ ಅದೇ ಸಂಘದ ಸದಸ್ಯ.

ಬಳ್ಳಾರಿಬಿಸಿಲು
ಕ್ರಿಸ್ಟಲ್ ಮಾಡೋರ, ಅಂದ್ರೆ ಪ್ರೋಟೀನನ್ನ ಹರಳು ಕಟ್ಟಿಸಿ ಎಕ್ಸ್‌ರೇಯಿಂದ ಆಕಾರ ನೋಡೋರ ಕಡೆಯಿಂದ ಒಂದು ತಪ್ಪೊಪ್ಪಿಗೆ. ನಾವು ದಶಕಗಳ ಕಾಲ ಈ ಭಾಗಗಳನ್ನ ಕಣ್ಣಿಂದಲೇ ಮರೆ ಮಾಡಿದ್ವಿ. ಸಡಿಲ ಎಳೆ ಇದ್ರೆ ಹರಳು ಕಟ್ಟಲ್ಲ, ಹಾಗಾಗಿ ಮೊದಲೇ ಬಾಲ ಕತ್ತರಿಸಿ ಕ್ಲೋನ್ ಮಾಡ್ತೀವಿ. ಹರಳು ಕಟ್ಟಿದ್ರೂ ಆ ಜಾಗದಲ್ಲಿ ಎಲೆಕ್ಟ್ರಾನ್ ಸಾಂದ್ರತೆ ಕಾಣಲ್ಲ. ಪಿಡಿಬಿ (ಪ್ರೋಟೀನ್ ಆಕಾರಗಳ ಭಂಡಾರ) ಫೈಲ್ ತೆಗೆದು ನೋಡಿ, ರಿಮಾರ್ಕ್ 465 ಅಂತ ಒಂದು ಪಟ್ಟಿ ಇರುತ್ತೆ: ಇಷ್ಟು ಅಮೈನೋ ಆಮ್ಲ ಕಾಣಲಿಲ್ಲ ಅಂತ. ಆ ಪಟ್ಟಿ ಯಾರೂ ಓದ್ತಿರಲಿಲ್ಲ. ಪಠ್ಯಪುಸ್ತಕದಲ್ಲಿ ಎಲ್ಲಾ ಪ್ರೋಟೀನೂ ಗಟ್ಟಿ ಗಂಟಿನ ಹಾಗೆ ಕಾಣೋದು ಇದಕ್ಕೇ. ಫೋಟೋಗೆ ನಿಂತವರನ್ನ ಮಾತ್ರ ಎಣಿಸಿ ಊರಿನ ಜನಸಂಖ್ಯೆ ಹೇಳಿದ ಹಾಗೆ.

ನಿವೃತ್ತಮೇಷ್ಟ್ರು
ಕಾಣದಿದ್ದದ್ದು ಇದೆ ಅನ್ನೋದು ಸರಿ. ಆದರೆ ಕೆಲಸ ಏನು ಅಂತ ಇನ್ನೂ ಯಾರೂ ಹೇಳಲಿಲ್ಲ. ಜೆಲ್, ಸಿಂಕು, ಫೋಟೋ ಎಲ್ಲ ಆಯ್ತು.

ರಾತ್ರಿಪಾಳಿ_ಎನ್‌ಎಂಆರ್
ಹೇಳ್ತೀನಿ. ಪಿ53ದೇ ತಗೊಳ್ಳಿ. ಅದರ ಮುಂಭಾಗದ ಸಡಿಲ ಎಳೆಯಲ್ಲಿ 19ನೇದು ಫಿನೈಲಲನಿನ್, 23ನೇದು ಟ್ರಿಪ್ಟೋಫ್ಯಾನ್, 26ನೇದು ಲ್ಯೂಸಿನ್. ಎಂಡಿಎಂ2 ಅನ್ನೋ ಪ್ರೋಟೀನ್ ಈ ಮೂರನ್ನ ತನ್ನ ಹಳ್ಳದಲ್ಲಿ ಕೂರಿಸಿಕೊಂಡು ಪಿ53ಯನ್ನ ನಾಶಕ್ಕೆ ಕಳಿಸುತ್ತೆ. ಆರೋಗ್ಯವಾಗಿರೋ ಕೋಶದಲ್ಲಿ ಪಿ53 ಕಮ್ಮಿ ಇರೋದು ಇದರಿಂದಲೇ. ಡಿಎನ್‌ಎಗೆ ಏಟು ಬಿದ್ದಾಗ ಕೈನೇಸುಗಳು ಬಂದು ಅದೇ ಎಳೆಯ 18, 20ನೇ ಜಾಗಕ್ಕೆ ಫಾಸ್ಫೇಟ್ ಅಂಟಿಸ್ತವೆ. ಎಂಡಿಎಂ2 ಹಿಡಿತ ಸಡಿಲ, ಪಿ53 ಉಳ್ಕೊಳುತ್ತೆ, ಕೋಶದ ವಿಭಜನೆಗೆ ಬ್ರೇಕ್. ಈ ಇಡೀ ಸ್ವಿಚ್ ಮೇಡಂ ಹೈಡ್ ಮಾಡಿದ ಶ್ಯಾವಿಗೆಯಲ್ಲಿದೆ! 2004ರಲ್ಲಿ ಬಂದ ನಟ್ಲಿನ್ ಅನ್ನೋ ಸಣ್ಣ ಅಣುಗಳು ಎಂಡಿಎಂ2 ಹಳ್ಳದಲ್ಲಿ ಆ ಮೂರು ಅಮೈನೋ ಆಮ್ಲಗಳ ಜಾಗದಲ್ಲೇ ಹೋಗಿ ಕೂರ್ತವೆ.

ಹಿಂಭಾಗದ ಬಾಲ ಇನ್ನೂ ಮಜಾ. ಒಂದೇ ತುಂಡು ಮೂರು ಬೇರೆ ಪ್ರೋಟೀನುಗಳ ಜೊತೆ ಮೂರು ರೂಪ: ಎಸ್100ಬಿ ಜೊತೆ ಸೇರಿದಾಗ ಸುರುಳಿ, ಸಿರ್2 ಜೊತೆ ನೇರ ಪಟ್ಟಿ, ಸೈಕ್ಲಿನ್ ಎ ಜೊತೆ ಎರಡೂ ಅಲ್ಲದ ತಿರುವು. ಗಟ್ಟಿ ಆಕಾರ ಇದ್ದಿದ್ದರೆ ಒಂದು ಮನೆಗೆ ಒಂದೇ ಬೀಗದಕೈ. ಇದು ಮೂರು ಮನೆ ಬಾಗಿಲು ತೆಗೀತಿದೆ.

ಕರಾವಳಿಕೋಶ
ಸಡಿಲ ಇರುವುದರ ಇನ್ನೊಂದು ಲಾಭ ಉಂಟು ಮಾರಾಯ್ರೆ. ಕೈನೇಸ್ ಬಂದು ಫಾಸ್ಫೇಟ್ ಅಂಟಿಸಬೇಕಾದರೆ ಎಳೆ ಅದರ ಬಾಯಿಗೆ ಸಿಗಬೇಕು. ಗಂಟಿನ ಒಳಗೆ ಅಡಗಿ ಕೂತರೆ ಎಲ್ಲಿಂದ ಸಿಗುವುದು? ಆರ್‌ಎನ್‌ಎ ಪಾಲಿಮರೇಸ್ 2 ಎಂಬ ಜೀನ್ ಓದುವ ಎಂಜೈಮಿನ ಬಾಲ ನೋಡಿ, ಏಳು ಅಮೈನೋ ಆಮ್ಲದ ಒಂದೇ ಸಾಲು, ಮನುಷ್ಯನಲ್ಲಿ 52 ಸಲ. ಜೀನ್ ಓದಲು ಶುರು ಮಾಡುವಾಗ ಒಂದು ಕಡೆ ಫಾಸ್ಫೇಟ್, ಓದಿಕೊಂಡು ಮುಂದೆ ಹೋಗುವಾಗ ಇನ್ನೊಂದು ಕಡೆ. ಯಾವ ಹಂತದಲ್ಲಿ ಯಾರು ಬಂದು ಕೂರಬೇಕು ಎಂಬ ಲೆಕ್ಕವೆಲ್ಲ ಆ ಬಾಲದಲ್ಲೇ.

ಹಾಗೆಯೇ ನ್ಯೂಕ್ಲಿಯಸ್ಸಿನ ರಂಧ್ರಗಳು. ಅದರ ಬಾಯಿಗೆ ಬಾಗಿಲಿಲ್ಲ, ಫಿನೈಲಲನಿನ್-ಗ್ಲೈಸಿನ್ ಜೋಡಿ ತುಂಬಿದ ಸಡಿಲ ಎಳೆಗಳ ಗಿಜಿಗಿಜಿ. ನಮ್ಮಲ್ಲಿ ಕ್ಷೌರದಂಗಡಿಗೆ ಮಣಿಸರದ ಪರದೆ ಕಟ್ಟುತ್ತಿದ್ದರಲ್ಲ, ಅದೇ ಲೆಕ್ಕ. 40 ಕಿಲೋಡಾಲ್ಟನ್ ಒಳಗಿನ ಚಿಕ್ಕವು ನುಸುಳಿ ಹೋಗುತ್ತವೆ. ಅದಕ್ಕಿಂತ ದೊಡ್ಡವು ಇಂಪೋರ್ಟಿನ್ ಎಂಬ ಸಾಗಿಸುವ ಪ್ರೋಟೀನಿನ ಕೈ ಹಿಡಿದುಕೊಂಡೇ ಬರಬೇಕು.

ಹುಬ್ಬಳ್ಳಿಡೇರಿ
ನಾನು ಪಶುವೈದ್ಯ, ನಿಮ್ಮಷ್ಟು ದೊಡ್ಡ ದೊಡ್ಡ ಮೆಷಿನ್ ಕಂಡಾಂವ ಅಲ್ಲ. ಆದ್ರ ಇದು ದಿನಾ ನಿಮ್ಮ ಒಲಿ ಮ್ಯಾಲ ಐತ್ರಿ. ತತ್ತಿ ಕುದಿಸಿದ್ರ ಗಟ್ಟಿ ಆಗ್ತೈತಿ. ಹಾಲು ಕುದಿಸಿದ್ರ ಯಾಕ ಆಗೂದಿಲ್ಲ? ಎರಡರಾಗೂ ಪ್ರೋಟೀನೇ ಅದಾವು.

ತತ್ತಿ ಒಳಗಿನ ಪ್ರೋಟೀನ್ ಮಡಿಚಿಕೊಂಡು ಕುಂತಿರ್ತದ. ಕಾವು ಬಿದ್ದ ಕೂಡ್ಲೆ ಬಿಚ್ಚಿಕೊಂಡು ಒಂದರ ಮೈ ಒಂದಕ್ಕ ತಾಗಿ ಹೆಪ್ಪುಗಟ್ತದ. ಆಕಳ ಹಾಲಿನ ಪ್ರೋಟೀನಿನಾಗ ಸುಮಾರು ಶೇಕಡಾ 80 ಕೇಸಿನ್. ಅದು ಮೊದಲೇ ಬಿಚ್ಚಿಕೊಂಡಿದ್ದು, ಕಾವು ಕೊಟ್ಟು ಬಿಚ್ಚೂದೇನು? ಅದಕ್ಕ ಕುದ್ದರೂ ಹಾಲು ಹಾಲೇ.

ಕೇಸಿನ್ ಕೆಲಸಾನೂ ದೊಡ್ಡದೈತಿ. ಕರು ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಫಾಸ್ಫೇಟ್ ಹಾಲಿನಾಗ ಕಲ್ಲು ಕಟ್ಟಲಾರದಂಗ ಸಣ್ಣ ಸಣ್ಣ ಉಂಡಿ ಮಾಡಿ ಹಿಡಕೊಂಡಿರ್ತದ. ಉಂಡಿ ಮ್ಯಾಲ ಕಪ್ಪಾ-ಕೇಸಿನ್ ಬಾಲ ಕೂದಲದಂಗ ಹೊರಗ ಚಾಚಿರ್ತದ, ಅದರಿಂದ ಉಂಡಿಗೆ ಉಂಡಿ ಅಂಟೂದಿಲ್ಲ. ಚೀಸ್ ಮಾಡೂವಾಗ ರೆನೆಟ್ ಹಾಕ್ತಾರಲ್ರಿ, ಅದು 105 ಮತ್ತ 106ನೇ ಅಮೈನೋ ಆಮ್ಲದ ನಡುವ ಕಡದು ಆ ಕೂದಲ ಬೋಳಿಸ್ತದ. ಆಗಿಂದಾಗ ಹಾಲು ಒಡೀತದ. ಬಾಲಕ್ಕ ಬೆಲಿ ಇಲ್ಲ ಅಂದ ಮೇಷ್ಟ್ರು ಒಂದ್ಸಲ ನಮ್ಮ ಡೇರಿಗೆ ಬರ್ಲಿ.

ಮತ್ತ ಗಿಣ್ಣದ ಹಾಲು ಯಾಕ ಗಟ್ಟಿ ಆಗ್ತದ ಅಂತ ಕೇಳ್ತೀರಿ. ಈದ ಮೊದಲನೇ ದಿನದ ಹಾಲಿನಾಗ ರೋಗನಿರೋಧಕ ಇಮ್ಯುನೊಗ್ಲಾಬ್ಯುಲಿನ್ ತುಂಬಿರ್ತದ. ಅದು ಮಡಿಚಿದ ಪ್ರೋಟೀನು, ತತ್ತಿ ಜಾತಿದು. ಹಬಿ ಮ್ಯಾಲ ಇಟ್ರ ಹೆಪ್ಪುಗಟ್ತದ. ಎರಡು ಮೂರು ದಿನ ಹೋದ್ರ ಅದು ಕಮ್ಮಿ ಆಗಿ ಗಿಣ್ಣ ಆಗೂದಿಲ್ಲ.

ದಾವಣಗೆರೆಬೆಣ್ಣೆ
ಮೊದಲು ಶ್ಯಾವಿಗೆ, ಈಗ ಗಿಣ್ಣು. ನಿಮಗೆಲ್ಲ ಒಳ್ಳೇದಾಗಲ್ಲ.

ಕೊನೇಸೆಮ್
ಗಿಣ್ಣು ಇಷ್ಟು ವರ್ಷ ತಿಂದಿದೀನಿ, ಒಂದು ದಿನವೂ ಈ ಪ್ರಶ್ನೆ ಬಂದಿರಲಿಲ್ಲ ಸರ್. ಅಮ್ಮ ಬೆಲ್ಲ, ಏಲಕ್ಕಿ ಹಾಕಿ ಇಡ್ಲಿ ಪಾತ್ರೆಯಲ್ಲಿ ಬೇಯಿಸ್ತಾರೆ.

ತುಮಕೂರುತೆಂಗು
ಬೆಲ್ಲ ಸರಿ. ಸಕ್ಕರೆ ಹಾಕೋರನ್ನ ಈ ಗುಂಪಿನಿಂದ ಹೊರಗೆ ಹಾಕಿ.

ಕರಾವಳಿಕೋಶ
ಕುದಿಸುವ ಮಾತು ಬಂತಲ್ಲ, ಲ್ಯಾಬಿನಲ್ಲಿ ನಾವು ಅದನ್ನೇ ಉಪಾಯ ಮಾಡಿಕೊಂಡಿದ್ದೇವೆ. ಟಾವು, ಆಲ್ಫಾ-ಸೈನ್ಯೂಕ್ಲಿನ್ ಎಂಬ ಸಡಿಲ ಪ್ರೋಟೀನುಗಳನ್ನು ಶುದ್ಧ ಮಾಡಬೇಕಾದರೆ ಬ್ಯಾಕ್ಟೀರಿಯಾ ಒಡೆದ ರಸವನ್ನು ಹಾಗೆಯೇ 95 ಡಿಗ್ರಿಗೆ ಇಡುವುದು. ಉಳಿದ ಪ್ರೋಟೀನೆಲ್ಲ ಮೊಟ್ಟೆಯ ಹಾಗೆ ಬೆಂದು ಬಿಳಿಯಾಗಿ ತಳಕ್ಕೆ ಕೂರುತ್ತದೆ, ನಮ್ಮದು ಮೇಲಿನ ತಿಳಿಯಲ್ಲಿ ಆರಾಮ. ಹೊಸದಾಗಿ ಬಂದವರು ಇದನ್ನು ನೋಡಿ ಹೌಹಾರುತ್ತಾರೆ. ಆದರೆ ಈ ತಿಳಿಯನ್ನು ಹೊರಗೆ ಇಟ್ಟು ಊಟಕ್ಕೆ ಹೋಗಬೇಡಿ. ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಒಂದು ಚೂರು ಉಳಿದಿದ್ದರೂ ಸಡಿಲ ಎಳೆ ಅದಕ್ಕೆ ಪಾಯಸ.

ನರರೋಗ_ರೆಸಿಡೆಂಟ್
ಡ್ಯೂಟಿ ಮಧ್ಯೆ ಬರೀತಿದೀನಿ. ಮೇಷ್ಟ್ರು ಕೇಳಿದ "ರೋಗ ಬಾಲಕ್ಕೆ ಯಾಕೆ ಬರಲ್ಲ" ಅನ್ನೋದಕ್ಕೆ ಉತ್ತರ ನಮ್ಮ ವಾರ್ಡಿನಲ್ಲಿದೆ. ಪಾರ್ಕಿನ್‌ಸನ್ಸ್ ರೋಗಿಯ ಮೆದುಳಿನಲ್ಲಿ ಉಂಡೆಕಟ್ಟೋದು ಆಲ್ಫಾ-ಸೈನ್ಯೂಕ್ಲಿನ್, 140 ಅಮೈನೋ ಆಮ್ಲ. ಬಿಡಿಯಾಗಿದ್ದಾಗ ಸಡಿಲ, ಪೊರೆ ಮೇಲೆ ಕೂತಾಗ ಸುರುಳಿ. 53ನೇ ಜಾಗದ ಒಂದೇ ಒಂದು ಬದಲಾವಣೆ ವಂಶಪಾರಂಪರ್ಯವಾಗಿ ರೋಗ ತರುತ್ತೆ ಅಂತ 1997ರಲ್ಲಿ ಇಟಲಿ, ಗ್ರೀಸ್ ಮೂಲದ ಕುಟುಂಬಗಳಲ್ಲಿ ಕಂಡುಹಿಡಿದ್ರು. ಆಲ್‌ಝೈಮರ್ಸ್‌ನ ಟಾವು ಕೂಡ ಇದೇ ಜಾತಿ. ಎಎಲ್‌ಎಸ್‌ ಅನ್ನೋ ನರಕೋಶ ಸಾಯೋ ಕಾಯಿಲೆಯಲ್ಲಿ ಟಿಡಿಪಿ-43 ಅನ್ನೋ ಪ್ರೋಟೀನ್ ಇದೆ, ಅದರಲ್ಲಿ ರೋಗದ ಬದಲಾವಣೆಗಳು ಬಹುಪಾಲು ಹಿಂಭಾಗದ ಸಡಿಲ ಬಾಲದಲ್ಲೇ ಸಿಕ್ಕಿರೋದು.

ನೀಲಿ ಗಂಟು ಹಾಳಾಗೋದು ಒಂದು ಥರ, ಸಡಿಲ ಎಳೆ ತಪ್ಪು ಕಡೆ ಗಟ್ಟಿಯಾಗೋದು ಇನ್ನೊಂದು ಥರ. ಎರಡನೇದಕ್ಕೆ ನಮ್ಮ ಹತ್ರ ಔಷಧಿ ಕಮ್ಮಿ. ರೋಗಿಯ ಮಗ "ಯಾಕೆ ಡಾಕ್ಟ್ರೇ ಇದಕ್ಕೊಂದು ಮಾತ್ರೆ ಇಲ್ಲ" ಅಂತ ಕೇಳಿದಾಗ, ಮಾತ್ರೆ ಹೋಗಿ ಕೂರೋಕೆ ಅಲ್ಲಿ ಹಳ್ಳವೇ ಇಲ್ಲ ಅಂತ ಹೇಗೆ ಹೇಳೋದು. ಬೆಡ್ ಕರೀತಿದೆ, ಬರ್ತೀನಿ.

ಹನಿಹನಿ
ಎಲ್ಲರೂ ದೊಡ್ಡದನ್ನೇ ಬಿಟ್ರಿ. ಹನಿಗಳು! 2009ರಲ್ಲಿ ಬ್ರಾಂಗ್‌ವಿನ್, ಹೈಮನ್ ತಂಡ ಹುಳುವಿನ ಭ್ರೂಣದಲ್ಲಿ ಪಿ ಗ್ರ್ಯಾನ್ಯೂಲ್ ಅನ್ನೋ ಸಣ್ಣ ಉಂಡೆಗಳನ್ನ ನೋಡ್ತಾ ಇದ್ದಾಗ, ಅವು ಎಣ್ಣೆ ಹನಿ ಥರ ಒಂದಕ್ಕೊಂದು ಸೇರಿ ದುಂಡಗಾಗೋದು, ಕರಗೋದು ಕಂಡ್ರು. ಸಾರಿನ ಮೇಲೆ ತೇಲೋ ಒಗ್ಗರಣೆ ಎಣ್ಣೆ ನೆನಪು ಮಾಡ್ಕೊಳ್ಳಿ. ಸಡಿಲ ಎಳೆಗಳು ಪರಸ್ಪರ ಹಗುರಾಗಿ ಅಂಟಿಕೊಂಡು ಪೊರೆ ಇಲ್ಲದ ಕೋಣೆ ಕಟ್ಟುತ್ತವೆ. ಕೋಶದಲ್ಲಿ ನಡೆಯೋ ಎಲ್ಲದಕ್ಕೂ ಇದೇ ಮೂಲ.

ಬಳ್ಳಾರಿಬಿಸಿಲು
"ಎಲ್ಲದಕ್ಕೂ" ಅಂದ್ರಲ್ಲ, ಅಲ್ಲೇ ಜಗಳ. 2009ರ ಕೆಲಸ ಚೆನ್ನಾಗಿದೆ, ಒಪ್ಪಿದೆ. ಆಮೇಲೆ ಬಂದ ಎಷ್ಟೋ ಪೇಪರಲ್ಲಿ ಏನು ಮಾಡಿರ್ತಾರೆ? ಪ್ರೋಟೀನಿಗೆ ಹಸಿರಾಗಿ ಹೊಳೆಯೋ ಜಿಎಫ್‌ಪಿ ಅಂಟಿಸಿ, ಕೋಶದಲ್ಲಿ ಇರೋದಕ್ಕಿಂತ ಹತ್ತಾರು ಪಟ್ಟು ತುಂಬಿಸಿ, ಹಸಿರು ಚುಕ್ಕೆ ಕಂಡ ಕೂಡಲೇ ಹನಿ ಅಂತ ಬರೀತಾರೆ. ಅಷ್ಟು ತುಂಬಿದ್ರೆ ಏನು ಬೇಕಾದ್ರೂ ಹನಿ ಆಗುತ್ತೆ. ಹೆಕ್ಸೇನ್‌ಡಯಾಲ್ ಅನ್ನೋ ರಾಸಾಯನಿಕ ಹಾಕಿದ್ರೆ ಕರಗ್ತು ಅನ್ನೋದು ಸಾಕ್ಷಿ ಅಲ್ಲ, ಅದು ಕೋಶದಲ್ಲಿ ಇನ್ನೂ ಹತ್ತು ಕಡೆ ಕೈಯಾಡಿಸುತ್ತೆ.

ಹನಿಹನಿ
ಬ್ರಾಂಗ್‌ವಿನ್, ಹೈಮನ್‌ಗೆ 2023ರ ಬ್ರೇಕ್‌ಥ್ರೂ ಪ್ರಶಸ್ತಿ ಸುಮ್ಮನೆ ಕೊಟ್ರಾ?

ಬಳ್ಳಾರಿಬಿಸಿಲು
ಅವರಿಗೆ ಕೊಟ್ಟಿದ್ದು. ನಿಮ್ಮ ಚುಕ್ಕೆಗೆ ಕೊಟ್ಟಿದ್ದಲ್ಲ.

ತೊಳೆದುಬಿಟ್ರಾ
ಯಾರಾದ್ರೂ ನೀರು ಚಿಮುಕಿಸ್ರಪ್ಪಾ.

ಪದಪ್ರೇಮಿ
ವಿಜ್ಞಾನ ನನಗೆ ಅರ್ಧ ಗೊತ್ತಾಯ್ತು. ಇದಕ್ಕೆ ಕನ್ನಡದಲ್ಲಿ ಏನಂತೀರಿ? ಒಂದು ಕಡೆ "ಅವ್ಯವಸ್ಥಿತ ಪ್ರೋಟೀನ್" ಅಂತ ನೋಡಿದೆ. ಪಾಪ, ಬೈದ ಹಾಗಿದೆ.

ತುಮಕೂರುತೆಂಗು
ನಿರಾಕಾರ?

ಪದಪ್ರೇಮಿ
ಅದು ನೇರ ದೇವಸ್ಥಾನಕ್ಕೆ ಹೋಗಿಬಿಡುತ್ತೆ.

ಹುಬ್ಬಳ್ಳಿಡೇರಿ
ಮಡಿಯದ ಪ್ರೋಟೀನ್ ಅನ್ರಿ.

ಪದಪ್ರೇಮಿ
ಹಾಗಾದ್ರೆ ಇನ್ನೊಂದು ಜಾತಿ "ಮಡಿದ ಪ್ರೋಟೀನ್" ಆಗುತ್ತೆ ಸರ್. ವೀರಮರಣ. ಹಾರ ಹಾಕಬೇಕಾಗುತ್ತೆ. ರಾತ್ರಿಪಾಳಿಯವರು ಮೊದಲಿಂದ "ಸಡಿಲ ಎಳೆ" ಅಂತಿದಾರೆ, ನನಗದೇ ಹಿಡಿಸ್ತು.

ನಿವೃತ್ತಮೇಷ್ಟ್ರು
ಹೆಸರಿನ ಚರ್ಚೆ ನಡೀಲಿ. ನನ್ನ ಆಕ್ಷೇಪಣೆ ಹಾಗೇ ಇದೆ. ಎಂಡಿಎಂ2 ಹಳ್ಳದಲ್ಲಿ ಕೂತಾಗ ಪಿ53 ಎಳೆ ಸುರುಳಿ ಆಗುತ್ತೆ ಅಂತ ನಿಮಗೂ ಗೊತ್ತು ತಾನೆ? ಹಾಗಾದ್ರೆ ಕೆಲಸ ಮಾಡೋ ಹೊತ್ತಿಗೆ ಆಕಾರ ಬಂದೇ ಬಂತು. ಜೊತೆಗಾರ ಸಿಗೋವರೆಗೆ ಸಡಿಲ, ಸಿಕ್ಕಮೇಲೆ ಗಟ್ಟಿ. ಫಿಷರ್ ಇನ್ನೂ ಸೋತಿಲ್ಲ.

ರಾತ್ರಿಪಾಳಿ_ಎನ್‌ಎಂಆರ್
ಒಳ್ಳೇ ಪಾಯಿಂಟ್, ಎಷ್ಟೋ ಕಡೆ ಅದು ನಿಜವೂ ಹೌದು. ಆದ್ರೆ 2018ರಲ್ಲಿ ನೇಚರ್‌ನಲ್ಲಿ ಬಂದಿದ್ದು ನೋಡಿ. ಎರಡು ಸಡಿಲ ಪ್ರೋಟೀನುಗಳು: ಹಿಸ್ಟೋನ್ ಎಚ್1ಗೆ ಪ್ಲಸ್ 53 ಚಾರ್ಜ್, ಪ್ರೋಥೈಮೋಸಿನ್ ಆಲ್ಫಾಗೆ ಮೈನಸ್ 44. ಇಬ್ಬರೂ ಪಿಕೋಮೋಲಾರ್ ಬಿಗಿಯಲ್ಲಿ ತಬ್ಬಿಕೊಳ್ತಾರೆ. ಅಷ್ಟು ಬಿಗಿ ಇದ್ರೂ ಸಡಿಲ ಭಾಗ ಮಡಿಚಿಕೊಳ್ಳೋದೇ ಇಲ್ಲ. ಎನ್‌ಎಂಆರ್‌ನಲ್ಲಿ ಸೇರುವ ಮುಂಚೆಯೂ ಚುಕ್ಕೆ ಗುಂಪು, ಸೇರಿದ ಮೇಲೂ ಗುಂಪು. ಬೀಗವೂ ಹಗ್ಗ, ಬೀಗದಕೈಯೂ ಹಗ್ಗ, ಆದ್ರೂ ಬಾಗಿಲು ಭದ್ರ.

ನಿವೃತ್ತಮೇಷ್ಟ್ರು
ಈ ಎರಡು ಹಗ್ಗದ ಪೇಪರ್ ನಾನು ಓದಿಲ್ಲ. ಓದಿ ಬರ್ತೀನಿ.

ಬಳ್ಳಾರಿಬಿಸಿಲು
ಮೇಷ್ಟ್ರು ಓದೋಕೆ ಹೋದಾಗ ಅವರ ಪರವಾಗಿ ಒಂದು ಮಾತು. ಸಡಿಲ ಅಂದ್ರೆ ಲಂಗುಲಗಾಮಿಲ್ಲ ಅಂತಲ್ಲ. ಜಿ.ಎನ್. ರಾಮಚಂದ್ರನ್ 1963ರಲ್ಲಿ ಮದ್ರಾಸಿನಲ್ಲಿದ್ದಾಗ, ಪ್ರೋಟೀನ್ ಎಳೆ ಯಾವ ಕೋನದಲ್ಲಿ ತಿರುಗಬಹುದು, ಎಲ್ಲಿ ಪರಮಾಣುಗಳು ಡಿಕ್ಕಿ ಹೊಡೀತವೆ ಅಂತ ನಕ್ಷೆ ಬರೆದ್ರಲ್ಲ, ಸಡಿಲ ಎಳೆಯೂ ಆ ನಕ್ಷೆ ಒಳಗೇ ಆಡಬೇಕು. ಆಮೇಲೆ ಅವರು ಬೆಂಗಳೂರಿಗೆ ಬಂದು ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದ್ರು. ನಾನು ಅಲ್ಲಿ ಎರಡು ತಿಂಗಳು ಬೇಸಿಗೆ ತರಬೇತಿಗೆ ಇದ್ದೆ, ಹೆಚ್ಚಿನ ಹೊತ್ತು ಕಾಫಿ ಕುಡಿಯೋದ್ರಲ್ಲೇ ಕಳೀತು, ಅದು ಬೇರೆ ವಿಷಯ.

ಕರಾವಳಿಕೋಶ
ಕೊನೇಸೆಮ್ ಅವರಿಗೆ ಒಂದು ಎಚ್ಚರಿಕೆ. ಕಿತ್ತಳೆ ಅಂದರೆ ಆಲ್ಫಾಫೋಲ್ಡಿನ ವಿಶ್ವಾಸ 50ಕ್ಕಿಂತ ಕಮ್ಮಿ ಎಂದಷ್ಟೇ. ಹೆಚ್ಚಾಗಿ ಅದು ಸಡಿಲ ಭಾಗವೇ ಹೌದು, ಆದರೆ ಹೋಲಿಸಲು ಬೇರೆ ಜೀವಿಗಳ ಸಾಲುಗಳು ಸಿಗದಿದ್ದರೂ ಕಿತ್ತಳೆ ಬಂದೀತು. ತಿರುಗಾಮುರುಗ ಕೂಡ ಉಂಟು. ಆಲ್ಫಾ-ಸೈನ್ಯೂಕ್ಲಿನ್ ಹಾಕಿ ನೋಡಿ, ಉದ್ದ ಸುರುಳಿ ತೋರಿಸುತ್ತದೆ, ಅದು ಪೊರೆ ಮೇಲೆ ಕೂತಾಗಿನ ರೂಪ. ಚಿತ್ರದಲ್ಲಿ ಕಾಣುವ ಶ್ಯಾವಿಗೆಯ ಆ ಒಂದು ಬಾಗುವಿಕೆಗೂ ಏನೂ ಅರ್ಥವಿಲ್ಲ, ಸಾವಿರ ಭಂಗಿಗಳಲ್ಲಿ ಒಂದು. ಲೆಜೆಂಡಿನಲ್ಲಿ ಇದನ್ನು ಬರೆಯಿರಿ.

ಕೊನೇಸೆಮ್
ಎರಡು ದಿನ ಆದ್ಮೇಲೆ ಬರ್ತಿದೀನಿ. ಶ್ಯಾವಿಗೆ ವಾಪಸ್ ಹಾಕಿದೆ. 19, 23, 26 ಮೂರಕ್ಕೂ ಕೆಂಪು ಬಣ್ಣ ಕೊಟ್ಟೆ. ಗೈಡ್ ಕನ್ನಡಕ ಮೇಲೆ ಮಾಡಿ, "ಕಸದಲ್ಲಿ ಇದೇನಮ್ಮ ಮೂರು ಕೆಂಪು ಚುಕ್ಕಿ" ಅಂದ್ರು. ಎಂಡಿಎಂ2 ಕೂರೋ ಜಾಗ ಸರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. "ಸರಿ ಇಟ್ಕೋ. ಆದ್ರೆ ಬ್ಯಾಂಡ್ ಯಾಕೆ 53ಕ್ಕೆ ಬಂತು ಅಂತ ವೈವಾದಲ್ಲಿ ಕೇಳ್ತಾರೆ, ಓದ್ಕೊಂಡು ಬಾ" ಅಂದ್ರು. ಅದು ಓದ್ಕೊಂಡಾಯ್ತು ಸರ್ ಅಂತ ಬಾಯಿಗೆ ಬಂದಿದ್ದನ್ನ ನುಂಗಿಕೊಂಡೆ.

ನಿವೃತ್ತಮೇಷ್ಟ್ರು
ಓದಿದೆ. ಎರಡು ಹಗ್ಗದ ವಿಷಯ ಒಪ್ಪಿದೆ. ಪಿ53 ವಿಷಯದಲ್ಲಿ ಒಪ್ಪಿಲ್ಲ. ಹುಬ್ಬಳ್ಳಿಯವರೇ, ಡೇರಿಗೆ ಬಾ ಅಂದ್ರಲ್ಲ, ಹಸು ಈದಾಗ ಹೇಳಿ.

ಹುಬ್ಬಳ್ಳಿಡೇರಿ
ನಿನ್ನೆ ಮುಂಜಾನೆ ಈದೈತ್ರಿ ಮೇಷ್ಟ್ರ. ಮೊದಲಿಂದು ಕರುವಿಗೆ, ಅದರ ಪಾಲು ನಾ ಮುಟ್ಟೂದಿಲ್ಲ. ನಾಳೆ ಹಿಂಡಿದ್ದು ಬಸ್ಸಿನಾಗ ಕಳಿಸ್ತೀನಿ, ಆದ್ರ ಅದು ಮೂರನೇ ದಿನದ ಹಾಲು. ಗಟ್ಟಿ ಆಗ್ಲಿಲ್ಲ ಅಂದ್ರ ನನಗ ಬೈಬ್ಯಾಡ್ರಿ, ಯಾಕಂತ ಮ್ಯಾಲೆ ಬರದೀನಿ.